ಪ್ರಧಾನಿಯನ್ನು ಟೀಕಿಸಿದರೆ ಜೈಲಾ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಗ್ರೂಪಿಗೆ ಆ ಮೆಸೇಜು ಮತ್ತೆ ಬಂದಿದೆ. ಪ್ರಧಾನಿಗೆ ಗೌರವ ಕೊಡುವುದು ಸಂವಿಧಾನ ಹೇಳಿದ ಕರ್ತವ್ಯ, ಟೀಕಿಸಿದರೆ ಜೈಲು ಅಂತ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಇದು ನಿಜವಲ್ಲ.

ಮೂಲಭೂತ ಕರ್ತವ್ಯಗಳಿರುವುದು 51ಎ ವಿಧಿಯಲ್ಲಿ. 1976ರಲ್ಲಿ ಹತ್ತು ಸೇರಿದವು, 2002ರಲ್ಲಿ ಇನ್ನೊಂದು. ಅಲ್ಲಿ ಗೌರವಿಸಿ ಅಂದಿರುವುದು ಸಂವಿಧಾನವನ್ನು, ಅದರ ಆದರ್ಶ ಮತ್ತು ಸಂಸ್ಥೆಗಳನ್ನು, ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಯನ್ನು. ಹುದ್ದೆಗೊಂದು ಮರ್ಯಾದೆ ಇದೆ, ಒಪ್ಪೋಣ. ಆದರೆ ಅದರಲ್ಲಿ ಕೂತವರನ್ನು ಪ್ರಶ್ನಿಸಬಾರದು ಅಂತ ಎಲ್ಲೂ ಬರೆದಿಲ್ಲ, ಬದಲಿಗೆ 19(1)(ಎ) ವಿಧಿ ಮಾತಾಡುವ ಹಕ್ಕು ಕೊಡುತ್ತದೆ. ಮಿತಿ ಇಲ್ಲವೇ ಇಲ್ಲ ಅಂತಲ್ಲ. ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಇಂಥವಕ್ಕೆ ಕಾನೂನು ಇದೆ. ಅದು ಯಾರ ಬಗ್ಗೆ ಮಾತಾಡಿದರೂ ಅಷ್ಟೇ.

ನೀವೇ ನೋಡಬಹುದು. ಮೊದಲು ಮೆಸೇಜಿನಲ್ಲಿ ವಿಧಿ ಅಥವಾ ಸೆಕ್ಷನ್ ನಂಬರ್ ಇದೆಯಾ ಹುಡುಕಿ. ಇದ್ದರೆ ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟ್ ತೆರೆದು ಅದೇ ನಂಬರ್ ಓದಿ, ಎರಡು ನಿಮಿಷದ ಕೆಲಸ. ನಂಬರೇ ಇಲ್ಲ, ಬರೀ 'ಎಲ್ಲರಿಗೂ ಕಳಿಸಿ' ಅಂತಿದೆಯಾ? ಹಾಗಾದ್ರೆ ಸ್ವಲ್ಪ ತಡೆಯಿರಿ.

ಕಳಿಸಿದ ಮಾಮಾ ಮೇಲೆ ನನಗೇನೂ ಸಿಟ್ಟಿಲ್ಲ. ಗ್ರೂಪಿನಲ್ಲಿ ಏನೂ ಅನ್ನದೆ, 51ಎ ಪುಟದ ಸ್ಕ್ರೀನ್‌ಶಾಟ್ ಅವರಿಗೊಬ್ಬರಿಗೇ ಕಳಿಸಿದೆ. 'ಓಹೋ, ಹೀಗಾ' ಅಂದರು.