ಐದು ಭಾಷೆ, ಐದು ಮೈಕು, ತಿಳಿದದ್ದು ಸೊನ್ನೆ

ಈ ಸಲವೂ ಅದೇ ಕತೆ. ಚರ್ಚಿನಲ್ಲಿ ಪಂಚಾಶತ್ತಮದ ಆರಾಧನೆ, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಅವರು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿದ ದಿನದ ಹಬ್ಬ. ಓದುವ ಪಾಠ ಆ ಕತೆ ಇರುವ ಬೈಬಲಿನ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ. ಓದಲು ಐದು ಜನ ಸಾಲಾಗಿ ನಿಂತರು: ಕನ್ನಡ, ತುಳು, ಮಲಯಾಳ, ತಮಿಳು, ಇಂಗ್ಲಿಷ್. ಕೈಗೊಂದು ಮೈಕು. ಎಲ್ಲರೂ ಒಟ್ಟಿಗೇ ಶುರು ಹಚ್ಚಿಕೊಂಡರು. ಸಭೆಗೆ ಕೇಳಿದ್ದು ಸಂತೆಯ ಗದ್ದಲ, ನಡುನಡುವೆ ಮೈಕಿನ ‘ಕುಂಯ್’.

ಮಾರಾಯ್ರೇ, ಆರನೇ ವಚನ ಒಮ್ಮೆ ನೋಡಿ. ಜನ ತಬ್ಬಿಬ್ಬಾದದ್ದು ಗದ್ದಲ ಕೇಳಿ ಅಲ್ಲ, ಪ್ರತಿಯೊಬ್ಬನ ಕಿವಿಗೂ ಅವನವನ ಭಾಷೆಯೇ ಬಿದ್ದದ್ದಕ್ಕೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಂತಾದದ್ದು ಬಾಬೆಲಿನಲ್ಲಿ, ಆಕಾಶ ಮುಟ್ಟುವ ಗೋಪುರ ಕಟ್ಟಹೊರಟವರ ಭಾಷೆಯನ್ನು ದೇವರು ಕಲಸಿದಾಗ, ಆದಿಕಾಂಡ 11. ನಾವು ವೇದಿಗೆ ಈ ಹಬ್ಬದ ಕೆಂಪು ಬಟ್ಟೆ ಹಾಸಿ ಬಾಬೆಲ್ ನಾಟಕ ಆಡುತ್ತಿದ್ದೇವೆ.

‘ಅದು ಸಾಂಕೇತಿಕ, ಅನುಭವ ಮುಖ್ಯ’ ಅನ್ನುವವರಿದ್ದಾರೆ. ಅವತ್ತೂ ‘ಇವರು ಕುಡಿದಿದ್ದಾರೆ’ ಅಂದವರಿದ್ದರು. ಶಿಷ್ಯರ ಮುಂದಾಳು ಪೇತ್ರ ಏನು ಮಾಡಿದ? ಈಗಿನ್ನೂ ಬೆಳಗ್ಗೆ ಒಂಬತ್ತು ಗಂಟೆ ಅಂತ ಹೇಳಿ, ಯೋವೇಲನ ಪ್ರವಾದನೆ ಎತ್ತಿಕೊಂಡು ಬಿಡಿಸಿ ವಿವರಿಸಿದ. ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನಕ್ಕೆ ಬಂದದ್ದು ಆ ಪ್ರಸಂಗ ಎದೆಗೆ ನಾಟಿದ ಮೇಲೆ. ಅಪೊಸ್ತಲ ಪೌಲನಂತೂ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾನೆ, 1 ಕೊರಿಂಥ 14: ಅನ್ಯಭಾಷೆ, ಅಂದರೆ ಆತ್ಮಪ್ರೇರಣೆಯಿಂದ ಬರುವ, ಕೇಳುವವರಿಗೆ ತಿಳಿಯದ ಮಾತು, ಆಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೊಬ್ಬರು, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಬೇಕು.

ಓದಿಸುವ ಕ್ರಮ ಕಷ್ಟದ್ದೇನಲ್ಲ. 1ರಿಂದ 10ನೇ ವಚನದವರೆಗೆ ಒಂದೇ ದನಿ, ಸಭೆಯ ಭಾಷೆಯಲ್ಲಿ, ಒಂದೇ ಮೈಕಿನಲ್ಲಿ. 9 ಮತ್ತು 10 ಎಡವುವ ಜಾಗ. ಪಾರ್ಥ್ಯ, ಕಪ್ಪದೋಕ್ಯ, ಫ್ರುಗ್ಯ, ಪಂಫುಲ್ಯ ಅಂತ ಬಂದಾಗ ಓದುವವರು ತೊದಲುತ್ತಾರೆ, ಮಕ್ಕಳು ಕಿಸಕ್ಕನೆ ನಗುತ್ತಾರೆ. ಹಿಂದಿನ ದಿನವೇ ಮೂರು ಸಲ ಗಟ್ಟಿಯಾಗಿ ಓದಿಸಿ. 11ನೇ ವಚನದ ಕೊನೆಗೆ ‘ನಮ್ಮ ನಮ್ಮ ಭಾಷೆಗಳಲ್ಲಿ’ ಅನ್ನುವ ಮಾತು ಬರುತ್ತದಲ್ಲ, ಅದನ್ನು ಮಾತ್ರ ಉಳಿದ ಭಾಷೆಯವರು ಒಬ್ಬೊಬ್ಬರಾಗಿ ಹೇಳಲಿ. ವೇದಿಯ ಮುಂದೆ ನಿಂತಲ್ಲ, ಕೂತ ಬೆಂಚಿನಿಂದಲೇ ಎದ್ದು, ಮೈಕಿಲ್ಲದೆ. ಎತ್ತರದ ಹಂಚಿನ ಮಾಡಿನ ಹಳೇ ದೇವಾಲಯಗಳಲ್ಲಿ ದನಿ ತಾನೇ ಹಬ್ಬುತ್ತದೆ. ಒಂದು ದನಿ ಅಡಗಿದ ಮೇಲೆ ಇನ್ನೊಂದು.

ಯೂಟ್ಯೂಬಿನ ಬಿರುಗಾಳಿ ಸದ್ದು ಹಾಕಲೇಬೇಡಿ. ಎರಡನೇ ವಚನದಲ್ಲಿ ಬಂದದ್ದು ಬಿರುಗಾಳಿಯಲ್ಲ, ಬಿರುಗಾಳಿಯಂಥ ಶಬ್ದ; ಮೂರರಲ್ಲಿ ಕಂಡದ್ದೂ ಬೆಂಕಿಯಂಥ ನಾಲಿಗೆ. ಆ ‘ಅಂಥ’ವನ್ನು ನುಂಗಬೇಡಿ. ‘ಸಭೆಯ ಹುಟ್ಟುಹಬ್ಬ’ ಅಂತ ಕೇಕು ಕತ್ತರಿಸುವುದಕ್ಕೆ ನನ್ನ ತಕರಾರಿಲ್ಲ, ಕೇಕಿನ ವಿಷಯದಲ್ಲಿ ನಾನು ದುರ್ಬಲ. ಆದರೆ ಈ ಹಬ್ಬದ ಮೂಲ ಯೆಹೂದ್ಯರ ಸುಗ್ಗಿ ಹಬ್ಬ; ಹಳೆ ಒಡಂಬಡಿಕೆಯ ಯಾಜಕಕಾಂಡ 23ರಲ್ಲಿ ಅದರ ಐವತ್ತನೇ ದಿನದ ನೈವೇದ್ಯ ಹುಳಿಹಿಟ್ಟಿನ ಎರಡು ರೊಟ್ಟಿ, ಹೊಸ ಬೆಳೆಯದು. ಕೇಕಿನ ಜೊತೆ ಅದನ್ನೂ ಇಟ್ಟು ಮಕ್ಕಳಿಗೆ ಯಾಕೆ ಅಂತ ಹೇಳಬಹುದಲ್ಲ?

ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ತುಳು ಕಲಿತು, ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದೇ ತುಳುವನ್ನು ಇವತ್ತು ನಾಲ್ಕು ಮೈಕುಗಳ ಅಡಿಯಲ್ಲಿ ಹೂತುಹಾಕಿದ್ದೇವೆ. ಹಿಂದಿನ ಬೆಂಚಿನಲ್ಲಿ ಕೂತ, ತುಳು ಬಿಟ್ಟರೆ ಬೇರೆ ಬಾರದ ಅಜ್ಜಿಗೆ ಅವತ್ತು ಏನು ಕೇಳಿಸಿತು ಅಂತ ಯಾರಾದರೂ ವಿಚಾರಿಸಿದ್ದೀರಾ?