ಕಂಪಾಸಿನಲ್ಲಿ ಎಲ್ಲಿ ಕಾಸು ಉಳಿಸಬೇಕು?

ನಮ್ಮೂರ ಅಂಗಡಿಯಲ್ಲಿ ‘ಕಂಪಾಸ್ ಕೊಡಿ’ ಅಂದರೆ ಕೈವಾರ, ಕೋನಮಾಪಕ ಇರುವ ತಗಡಿನ ಡಬ್ಬಿ ಕೊಡುತ್ತಾರೆ. ದಿಕ್ಕು ತೋರಿಸುವ ಕಂಪಾಸನ್ನು ನಾನು ಮೊದಲು ಮುಟ್ಟಿದ್ದು ಹಾಸನದ ಎನ್‌ಸಿಸಿ ಕ್ಯಾಂಪಿನಲ್ಲಿ. ಪ್ರಿಸ್ಮ್ಯಾಟಿಕ್ ಕಂಪಾಸ್, ಕೈಗೆ ಭಾರ. ಮೂವತ್ತು ಹುಡುಗರಿಗೆ ಒಂದೇ. ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಈಗ ಸಿಯಾಟಲ್ ಹತ್ತಿರ ಇದ್ದೇನೆ. ಇಲ್ಲಿ ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದರೆ ಹುಡುಕಿಸುವ ಹೊಣೆ ಕೌಂಟಿಯ ಶೆರಿಫ್‌ದು, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥನದು. ಆದರೆ ರಾತ್ರಿ ಎರಡಕ್ಕೆ ಎದ್ದು ಮಳೆಯಲ್ಲಿ ಕಾಡು ಜಾಲಾಡುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಅಂಥ ಒಂದು ತಂಡದ ಹೊಸಬರಿಗೆ ನಾನು ನಕ್ಷೆ ಓದುವುದನ್ನು ಕಲಿಸುತ್ತೇನೆ. ಪ್ರತಿ ವರ್ಷ ಅದೇ ಚರ್ಚೆ. ತರಬೇತಿಗೆ ಯಾವ ಕಂಪಾಸ್ ತರೋಣ? ಇಪ್ಪತ್ತು ಡಾಲರಿನ ಆಸುಪಾಸಿನದೋ, ನಲವತ್ತು ದಾಟಿದ್ದೋ?

ನನ್ನ ಓಟು ದುಬಾರಿಯದಕ್ಕೇ. ಜಿಪುಣ ಅಂತ ಹೆಸರಾದವನು ನಾನು, ಆದರೂ!

ಕಾರಣ ಡಿಕ್ಲಿನೇಷನ್. ಸೂಜಿ ತೋರಿಸುವ ಉತ್ತರ ಬೇರೆ, ನಕ್ಷೆಯ ಉತ್ತರ ಬೇರೆ. ಕರ್ನಾಟಕದಲ್ಲಿ ಈ ವ್ಯತ್ಯಾಸ ಬರೀ ಒಂದೆರಡು ಡಿಗ್ರಿ. ಮರೆತರೂ ನಡೆಯುತ್ತದೆ. ಸಿಯಾಟಲ್‌ನಲ್ಲಿ ಸುಮಾರು 15 ಡಿಗ್ರಿ. ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ 260 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಹತ್ತು ಹೆಜ್ಜೆ ಆಚೆ ಕಾಣದ ಕಾಡಿನಲ್ಲಿ ಅದು ಬೇರೆಯೇ ಹಳ್ಳ. ಸುಂಟೋ ಎಂ-3 ಥರದ ಕಂಪಾಸಿನಲ್ಲಿ ಪುಟ್ಟ ಸ್ಕ್ರೂ ಇದೆ. ಒಮ್ಮೆ ತಿರುಗಿಸಿಟ್ಟರೆ ಆಯಿತು, ಮತ್ತೆ ಕೂಡಿ ಕಳೆಯುವ ಲೆಕ್ಕ ಬೇಡ. ಅಗ್ಗದ್ದರಲ್ಲಿ ಹೆಚ್ಚಾಗಿ ಆ ಸ್ಕ್ರೂ ಇರುವುದಿಲ್ಲ. ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಸೂಜಿಯ ಉತ್ತರಕ್ಕೆ ಹೊಂದುವ ಓರೆಗೆರೆ ಎಳೆದುಕೊಂಡರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಕ್ಲಾಸಿನಲ್ಲಿ ಸಾಕು. ಕಾರಿನ ಬಾನೆಟ್ ಮೇಲೆ ನೆನೆಯುತ್ತಿರುವ ನಕ್ಷೆಗೆ ಗೆರೆ ಎಳೆಯುತ್ತಾ ಯಾರು ಕೂರುತ್ತಾರೆ? ಅರ್ಧ ಜನ ಲೆಕ್ಕ ಹಾಕಿ, ಇನ್ನರ್ಧ ಹಾಕದೆ ರೇಡಿಯೋದಲ್ಲಿ ಬೇರಿಂಗ್ (ಹೋಗಬೇಕಾದ ದಿಕ್ಕಿನ ಡಿಗ್ರಿ) ಹೇಳಿದರಂತೂ ಮುಗಿಯಿತು.

ಉಳಿಸುವುದಿದ್ದರೆ ಕನ್ನಡಿಯಲ್ಲಿ ಉಳಿಸಿ. ಕನ್ನಡಿ ಇರುವ ಎಂಸಿ-2, ಸಿಲ್ವಾ ರೇಂಜರ್ ಒಳ್ಳೆಯವೇ, ಆದರೆ ಕನ್ನಡಿ ಇರುವುದು ದೂರದ ಗುಡ್ಡಕ್ಕೆ ಗುರಿಯಿಡುತ್ತಲೇ ಸೂಜಿ ನೋಡಲು, ಗುಡ್ಡವೇ ಕಾಣದ ಕಡೆ ಅದು ಯಾಕೆ? ಮಿಲಿಟರಿ ಹಸಿರು ಬಣ್ಣದ ಅಗ್ಗದ ನಕಲುಗಳನ್ನು ಮಾತ್ರ ಸುಮ್ನೆ ಕೊಟ್ಟರೂ ತರಬೇಡಿ. ಎಲ್ಲರಿಗೂ ಒಂದೇ ಮಾದರಿ ಇರಲಿ. ಆಗ ‘ಕೆಂಪಿ ಕೊಟ್ಟಿಗೆಗೆ ಬಂದಳಾ?’ ಅಂತ ಒಮ್ಮೆ ಕೂಗಿದರೆ ಎಲ್ಲರೂ ಒಂದೇ ಕಡೆ ನೋಡುತ್ತಾರೆ. (ಸೂಜಿಯ ಕೆಂಪು ತುದಿ ಕೆಳಗಿನ ಬಾಣದೊಳಗೆ ಕೂರಬೇಕು. ಇಲ್ಲಿಯವರು ‘ರೆಡ್ ಇನ್ ದ ಶೆಡ್’ ಅನ್ನುತ್ತಾರೆ, ನನ್ನದು ಹಟ್ಟಿಯ ಭಾಷೆ.)

ಹೋದ ವರ್ಷ ಒಬ್ಬಳ ಕೆಂಪಿ ಕೊಟ್ಟಿಗೆಗೆ ಬರಲೇ ಇಲ್ಲ. ಕಂಪಾಸ್ ಬದಲಿಸಿದರೂ ಅದೇ ಕತೆ. ಕೊನೆಗೆ ನೋಡಿದರೆ ಎದೆಗೆ ಕಟ್ಟಿದ್ದ ರೇಡಿಯೋದ ಸ್ಪೀಕರ್, ಅದರೊಳಗೆ ಆಯಸ್ಕಾಂತ. ಕಂಪಾಸನ್ನು ಒಂದು ಮೊಳ ದೂರ ಹಿಡಿದಳು, ಸೂಜಿ ನೆಟ್ಟಗಾಯಿತು.

ಸ್ಕ್ರೂ ಇರುವುದೇ ಬೇಕಾದರೆ ಬೆಂಗಳೂರಿನಿಂದಲೇ ಅಗ್ಗಕ್ಕೆ ತರಿಸಬಹುದಲ್ಲ ಅಂತ ನನಗೂ ಅನಿಸಿತ್ತು. ಆ ಆಸೆ ಕರಗಿದ್ದು ಕುಮಾರಪರ್ವತದಲ್ಲಿ. ಇಲ್ಲಿಯ ಕಂಪಾಸ್ ಒಯ್ದಿದ್ದೆ. ಸೂಜಿಯ ದಕ್ಷಿಣದ ತುದಿ ಕೆಳಕ್ಕೆ ವಾಲಿ ತಳಕ್ಕೆ ಉಜ್ಜುತ್ತಿತ್ತು. ಸಿಯಾಟಲ್‌ನಲ್ಲಿ ಭೂಮಿಯ ಕಾಂತದ ಸೆಳೆತ ಸೂಜಿಯ ಉತ್ತರದ ತುದಿಯನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೆ ಸರಿತೂಗಲು ದಕ್ಷಿಣದ ತುದಿಗೆ ತುಸು ತೂಕ ಕೊಟ್ಟಿರುತ್ತಾರೆ. ನಮ್ಮ ಕಡೆ ಆ ಎಳೆತ ತೀರಾ ಕಡಿಮೆ. ‘ಮಾಮ, ನಿಮ್ಮ ಕಂಪಾಸಿಗೆ ನಮ್ಮ ನೀರು ಒಗ್ಗಿಲ್ಲ’ ಅಂದ ಅಕ್ಕನ ಮಗ. ಭಾರತಕ್ಕೆ ಹೊಂದಿಸಿದ್ದನ್ನು ಇಲ್ಲಿ ತಂದರೆ ಉಲ್ಟಾ ತೊಂದರೆ.

ಆ ಚಾರಣದಲ್ಲಿ ನಮ್ಮ ಮುಂದೆ ನಡೆದ ಗೈಡ್ ಹತ್ತಿರ ಕಂಪಾಸೇ ಇರಲಿಲ್ಲ. ಘಟ್ಟದಲ್ಲಿ ಯಾರಾದರೂ ಕಳೆದರೆ ಪೊಲೀಸರು, ಅರಣ್ಯ ಇಲಾಖೆಯವರು ಬರುತ್ತಾರೆ, ಆದರೆ ಮುಂದೆ ನಡೆಯುವವರು ಇಂಥ ಊರಿನವರೇ. ನೀರಿನ ಸದ್ದು ಎಡಕ್ಕೋ ಬಲಕ್ಕೋ ಅಂತ ಕೇಳಿ ಜಾಗ ಹೇಳುತ್ತಾರೆ. ನಮ್ಮ ತಂಡದಲ್ಲಿ ಹಾಗೆ ಹೇಳಬಲ್ಲವರು ಒಬ್ಬರೂ ಇಲ್ಲ. ವಾರವಿಡೀ ಆಫೀಸಿನಲ್ಲಿ ಕೂತು ಶನಿವಾರ ಕಾಡಿಗೆ ಬರುವವರು ನಾವು, ನಮಗೆ ಸೂಜಿಯೇ ಗತಿ.

ಈ ಸಲ ಮೂವತ್ತು ತರಿಸಿದೆವು, ಎಲ್ಲವೂ ಸ್ಕ್ರೂ ಇರುವವು. ಸ್ಕ್ರೂ ತಿರುಗಿಸುವ ಪುಟ್ಟ ಕೀಲಿ ದಾರದಲ್ಲೇ ಇರುತ್ತದೆ. ಆಗಲೇ ನಾಲ್ಕು ಕಳೆದಿವೆ. ಕನ್ನಡಕದ ಸ್ಕ್ರೂಡ್ರೈವರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.