ಕೈಯಲ್ಲಿ ಹಿಡಿದು ಆಡುವ ಆರ್‌ಪಿಜಿಗಳಲ್ಲಿ ನನ್ನ ಮೊದಲ ಮಣೆ ಟ್ಯಾಕ್ಟಿಕ್ಸ್‌ಗೆ

ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳಲ್ಲಿ ಬಂದ ಆರ್‌ಪಿಜಿಗಳಲ್ಲಿ (ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ) ಅತ್ಯುತ್ತಮ ಯಾವುದು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: 2007ರಲ್ಲಿ ಸೋನಿಯ ಪಿಎಸ್‌ಪಿ ಎಂಬ ಕೈಯಂತ್ರಕ್ಕೆ ಬಂದ 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್: ದ ವಾರ್ ಆಫ್ ದ ಲಯನ್ಸ್'. ಎರಡನೆಯ, ಮೂರನೆಯ ಸ್ಥಾನದ ಬಗ್ಗೆ ಬೇಕಾದಷ್ಟು ಚರ್ಚೆ ಮಾಡೋಣ. ಮೊದಲನೆಯದರ ಬಗ್ಗೆ ನನ್ನದು ಎರಡು ಮಾತಿಲ್ಲ.

ಮೊನ್ನೆ ಬದಿಯಡ್ಕದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಅಕ್ಕನ ಮಗ ಕೇಳಿದ, "ಮಾವ, ಫೋನಿನಲ್ಲೇ ಇಷ್ಟು ಒಳ್ಳೆ ಗ್ರಾಫಿಕ್ಸ್ ಬರುವಾಗ ಆ ಹಳೇ ಪಿಎಸ್‌ಪಿಯಲ್ಲಿ ಏನುಂಟು?" ಪಾಯಸ ಬರುವುದರೊಳಗೆ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಗ್ರಾಫಿಕ್ಸ್ ಅಲ್ಲ, ಎಷ್ಟು ಗಂಟೆ ಆಡಬಹುದು ಎಂಬುದೂ ಅಲ್ಲ. ನಡುವೆ ನಿಲ್ಲಿಸಿದರೂ ಗೇಮ್ ಕೆಡಬಾರದು, ಮತ್ತೆ ಕೈಗೆತ್ತಿಕೊಂಡಾಗ ಕಥೆ ಅದೇ ಬಿಸಿಯಲ್ಲಿರಬೇಕು. ಟಿವಿ ಎದುರಿನ ಗೇಮ್ ನಮ್ಮನ್ನು ಕೂತಲ್ಲೇ ಕೂರಿಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ ಸಾಕು, ಕರೆಂಟು ಹೋಯಿತು, ಸೇವ್ ಮಾಡದ್ದೆಲ್ಲ ಹೋಯಿತು. ಪಿಎಸ್‌ಪಿಯ ಬದಿಯಲ್ಲಿರುವ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ದೂಡಿದರೆ ಗೇಮ್ ಇದ್ದಲ್ಲೇ ಮಲಗುತ್ತದೆ. ಇನ್ನೊಮ್ಮೆ ದೂಡಿದರೆ ಎತ್ತಿದ ಕತ್ತಿ ಎತ್ತಿದ ಹಾಗೆಯೇ ಇರುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕುಂಬಳೆ ದಾಟುವಾಗ ಶುರು ಮಾಡಿದ ಯುದ್ಧ ಉಳ್ಳಾಲ ಬರುವಾಗ ಮುಗಿಯುತ್ತಿತ್ತು, ಮುಗಿಯದಿದ್ದರೆ ಸಂಜೆಯ ರೈಲಿಗೆ ಕಾಯುತ್ತಿತ್ತು. ಸರದಿಯ ಮೇಲೆ ನಡೆಯುವ ಯುದ್ಧದಲ್ಲಿ ಅವಸರ ಇಲ್ಲ. ಯಾರಾದರೂ "ಸ್ವಲ್ಪ ಆಚೆ ಸರೀರಿ" ಎಂದರೆ ಸರಿದು ಕೂತು ಮುಂದುವರಿಸಬಹುದು. ಶತ್ರು ಕಾಯುತ್ತಾನೆ.

ಈಗ ಟ್ಯಾಕ್ಟಿಕ್ಸ್. ಮೂಲ ಗೇಮ್ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದದ್ದು, ನಿರ್ದೇಶಕ ಯಾಸುಮಿ ಮಾತ್ಸುನೊ. ಐವಲೀಸ್ ಎಂಬ ರಾಜ್ಯ, ರಾಜ ತೀರಿಹೋದ ಮೇಲೆ ಪಟ್ಟಕ್ಕಾಗಿ ಎರಡು ಬಣಗಳ ಜಗಳ. ರಾಮ್ಜಾ ದೊಡ್ಡ ಮನೆತನದ ಕಿರಿಯ ಮಗ. ಡೆಲೀಟಾ ಅದೇ ಮನೆಯಲ್ಲಿ ಬೆಳೆದ ಬಡವರ ಹುಡುಗ. ಇಬ್ಬರೂ ಒಂದೇ ಬಟ್ಟಲಲ್ಲಿ ಉಂಡವರು. ಮೊದಲ ಅಧ್ಯಾಯದ ಕೊನೆಗೆ ಜೀಕ್ಡೆನ್ ಕೋಟೆಯ ಎದುರು ಹಿಮ ಬೀಳುತ್ತಿದೆ. ಬಂಡುಕೋರನೊಬ್ಬ ಡೆಲೀಟಾನ ತಂಗಿ ಟೀಟ್ರಾಳನ್ನು ಒತ್ತೆ ಹಿಡಿದು ನಿಂತಿದ್ದಾನೆ. ರಾಮ್ಜಾನ ಅಣ್ಣ ಅಪ್ಪಣೆ ಕೊಡುತ್ತಾನೆ, ಅರ್ಗತ್ ಎಂಬ ಯೋಧ ಬಾಣ ಬಿಡುತ್ತಾನೆ. ಬಾಣ ತಾಗುವುದು ಆ ಹುಡುಗಿಗೆ. ದೊಡ್ಡ ಮನೆಯ ಹೆಣ್ಣುಮಗಳಾಗಿದ್ದರೆ ಆ ಬಾಣ ಹೊರಡುತ್ತಿತ್ತೇ? ಗೇಮ್ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಮುಂದಿನ ಮೂರು ಅಧ್ಯಾಯಗಳುದ್ದಕ್ಕೂ ಅದನ್ನೇ ಬೆಳೆಸುತ್ತದೆ. ಡೆಲೀಟಾ ಅಲ್ಲಿಂದಾಚೆ ಎಲ್ಲರನ್ನೂ ಬಳಸಿಕೊಂಡು ಮೇಲೇರುತ್ತಾನೆ. ರಾಮ್ಜಾ ಮನೆತನದ ಹೆಸರನ್ನೇ ಬಿಟ್ಟು ನಡೆಯುತ್ತಾನೆ. ಗೆದ್ದವನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ, ಸರಿ ಮಾಡಿದವನನ್ನು ಧರ್ಮದ್ರೋಹಿ ಎಂದು ಬರೆಯಲಾಗುತ್ತದೆ.

ಕಥೆಯ ದೊಡ್ಡ ಯುದ್ಧಗಳಿಗೆ ಮೊದಲು ಎರಡೂ ಕಡೆಯವರು ಎದುರುಬದುರು ನಿಂತು ಮಾತಾಡುತ್ತಾರೆ. ಆ ಮಾತು ನನಗೆ ನಮ್ಮ ತಾಳಮದ್ದಳೆಯ ಅರ್ಥಗಾರಿಕೆಯ ಹಾಗೆ ಕೇಳುತ್ತದೆ. ಶತ್ರುವಿನ ವಾದದಲ್ಲೂ ತೂಕ ಉಂಟು, ಕೇಳುತ್ತಾ ಕೂತರೆ ಯಾರ ಪಕ್ಷ ಸರಿ ಎಂದು ಮನಸ್ಸು ತೂಗಾಡುತ್ತದೆ. ವೀಗ್ರಾಫ್ ಎಂಬವನು ಬಡವರ ಪರವಾಗಿ ಆಡುವ ಮಾತಿಗೆ ರಾಮ್ಜಾನ ಬಳಿ ಉತ್ತರವೇ ಇಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಊರಿನವರಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಒಳಗಿನ ಲೆಕ್ಕಾಚಾರವೂ ಅಷ್ಟೇ ಗಟ್ಟಿ. ಪ್ರತಿಯೊಬ್ಬನಿಗೂ ಅವನ ವೇಗದಷ್ಟು ಅಂಕ ಸೇರುತ್ತಾ ಹೋಗಿ ನೂರು ತುಂಬಿದಾಗ ಅವನ ಸರದಿ. ದೊಡ್ಡ ಮಂತ್ರ ಹಾಕಿದರೆ ಅದು ಫಲಿಸಲು ಹೊತ್ತು ಬೇಕು, ಅಷ್ಟರಲ್ಲಿ ಶತ್ರು ಜಾಗ ಬಿಟ್ಟು ಹೋಗಬಹುದು. ನಮ್ಮವನು ಬಿದ್ದರೆ ಅವನ ತಲೆಯ ಮೇಲೆ 3 ಎಂದು ಕಾಣುತ್ತದೆ, ಮತ್ತೆ 2, ಮತ್ತೆ 1. ಅದು ಮುಗಿಯುವುದರೊಳಗೆ ಎಬ್ಬಿಸದಿದ್ದರೆ ಅವನು ಹರಳಾಗಿಯೋ ಪೆಟ್ಟಿಗೆಯಾಗಿಯೋ ಬದಲಾಗುತ್ತಾನೆ, ಮತ್ತೆ ಬರುವುದಿಲ್ಲ. ನಾವೇ ಹೆಸರಿಟ್ಟು ಬೆಳೆಸಿದ ಬಿಲ್ಲುಗಾರ ಹಾಗೆ ಹೋದಾಗ ಆಗುವ ಸಂಕಟ ಬೇರೆ ಗೇಮ್‌ನಲ್ಲಿ ನನಗೆ ಸಿಕ್ಕಿಲ್ಲ. ಪಿಎಸ್‌ಪಿ ಆವೃತ್ತಿಗೆ ಒಂದು ದೋಷ ಉಂಟು: ಮಂತ್ರ ಹಾಕುವಾಗ ಚಿತ್ರ ನಿಧಾನವಾಗುತ್ತದೆ. ನಿಜ. ಅದಕ್ಕಾಗಿ ಈ ಗೇಮನ್ನು ಕೆಳಗಿಳಿಸಲು ನಾನು ತಯಾರಿಲ್ಲ.

ಎರಡನೆಯ ಸ್ಥಾನ ಮಾತ್ಸುನೊ ಅವರದೇ 'ಟ್ಯಾಕ್ಟಿಕ್ಸ್ ಓಗರ್'ಗೆ. 1995ರ ಗೇಮ್, 2010ರಲ್ಲಿ ಪಿಎಸ್‌ಪಿಗಾಗಿ ಹೊಸದಾಗಿ ಕಟ್ಟಿದ್ದು. ವಲೇರಿಯಾ ದ್ವೀಪದಲ್ಲಿ ಮೂರು ಜನಾಂಗಗಳು, ನಾವು ಅದರಲ್ಲಿ ತುಳಿತಕ್ಕೊಳಗಾದ ಸಣ್ಣ ಜನಾಂಗದವರು. ನಮ್ಮದೇ ನಾಯಕ ನಮಗೆ ಹೇಳುತ್ತಾನೆ: ನಮ್ಮದೇ ಜನರಿರುವ ಊರನ್ನು ಕೊಂದು ಮುಗಿಸಿ, ತಪ್ಪನ್ನು ಶತ್ರುವಿನ ತಲೆಗೆ ಕಟ್ಟೋಣ, ಆಗ ಎಲ್ಲರೂ ಕತ್ತಿ ಹಿಡಿಯುತ್ತಾರೆ. ಹೌದು ಎಂದರೆ ಒಂದು ಕಥೆ, ಇಲ್ಲ ಎಂದರೆ ಇನ್ನೊಂದು ಕಥೆ. ಹೇಗೆ ಹೇಳಿದರೂ ಆ ಊರು ಉಳಿಯುವುದಿಲ್ಲ. ಭಾಷೆ, ಗಡಿ, ಬಹುಮತ ಎಂಬ ಮಾತುಗಳ ನಡುವೆಯೇ ಬೆಳೆದ ಗಡಿನಾಡಿನವನಾಗಿ ನಾನು ಆ ಪ್ರಶ್ನೆಯ ಎದುರು ತುಂಬಾ ಹೊತ್ತು ಬಟನ್ ಒತ್ತದೆ ಕೂತಿದ್ದೆ.

ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು ಪಿಎಸ್‌ಪಿಯ ನಂತರ ಬಂದ ಪಿಎಸ್ ವೀಟಾದ 'ಪರ್ಸೋನಾ 4 ಗೋಲ್ಡನ್', 2012ರದ್ದು. ಇನಾಬಾ ಎಂಬ ಹಳ್ಳಿಯಂಥ ಪೇಟೆ. ಅಲ್ಲಿಗೆ ಜೂನ್ಸ್ ಎಂಬ ದೊಡ್ಡ ಮಳಿಗೆ ಬಂದು ಹಳೇ ಬೀದಿಯ ಸಣ್ಣ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅಲ್ಲೊಬ್ಬ ಹುಡುಗಿಯ ಮನೆಯವರದು ಹೆಂಡದಂಗಡಿ, ಅವಳು ಕೆಲಸಕ್ಕೆ ಹೋಗುವುದು ಜೂನ್ಸ್‌ಗೆ. ಬೀದಿಯವರ ಕೊಂಕು ಮಾತು ಅವಳ ಬೆನ್ನ ಹಿಂದೆಯೇ. ಇದನ್ನು ನೋಡಲು ಜಪಾನಿಗೆ ಹೋಗಬೇಕಾಗಿಲ್ಲ, ನಮ್ಮ ಹೆದ್ದಾರಿ ಬದಿಯ ಯಾವ ಪೇಟೆಯಲ್ಲೂ ಉಂಟು. ಗೇಮ್‌ನಲ್ಲಿ ದಿನಗಳು ಕ್ಯಾಲೆಂಡರಿನಂತೆ ಸಾಗುತ್ತವೆ. ಕೆಲವು ದಿನ ಎಡೆಬಿಡದೆ ಮಳೆ ಸುರಿದು ಮಂಜು ಕವಿಯುವುದರೊಳಗೆ, ಟಿವಿಯೊಳಗಿನ ಲೋಕದಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಿ ತರಬೇಕು. ಆಟಿ ತಿಂಗಳಲ್ಲಿ, ಹೊರಗೆ ಅಡಿಕೆ ತೋಟಕ್ಕೆ ಮಳೆ ಹೊಯ್ಯುವಾಗ ಇದನ್ನು ಆಡಿ ನೋಡಿ. ಹವಾಮಾನ ನೋಡಿಕೊಂಡು ಇಡೀ ದಿನದ ಕೆಲಸ ಹೊಂದಿಸುವ ಅಭ್ಯಾಸ ನಮಗೆ ಹೇಗೂ ಉಂಟು.

ನಿಂಟೆಂಡೊ ಡಿಎಸ್‌ನಲ್ಲಿ ನಾನು ಎತ್ತಿ ಹಿಡಿಯುವುದು 'ಡ್ರ್ಯಾಗನ್ ಕ್ವೆಸ್ಟ್ 5'. 1992ರ ಕಥೆ, ಡಿಎಸ್‌ಗೆ 2008ರಲ್ಲಿ ಬಂತು. ಸಣ್ಣ ಮಗುವಾಗಿ ಅಪ್ಪನ ಹಿಂದೆ ನಡೆಯುವುದರಿಂದ ಶುರು. ಮಗನ ಕೊರಳಿಗೆ ಕತ್ತಿ ಇಟ್ಟಾಗ ಆ ಅಪ್ಪ ಕೈ ಎತ್ತದೆ ಪೆಟ್ಟು ತಿಂದು ಸಾಯುತ್ತಾನೆ. ಆಮೇಲೆ ಹತ್ತು ವರ್ಷ ಗುಲಾಮಗಿರಿ, ಮದುವೆ, ಮಕ್ಕಳು. ಅಷ್ಟೆಲ್ಲ ಆದ ಮೇಲೆ ಗೊತ್ತಾಗುತ್ತದೆ, ಪುರಾಣ ಹೇಳಿದ ಮಹಾವೀರ ನಾವಲ್ಲ, ನಮ್ಮ ಮಗ. ಮಕ್ಕಳಿರುವವರು ದಯವಿಟ್ಟು ಇದನ್ನು ಆಡಿ.

ಪೋಕೆಮಾನ್ ಎಲ್ಲಿ ಎಂದು ಕೇಳುವವರಿದ್ದೀರಿ. 1996ರಲ್ಲಿ ಗೇಮ್ ಬಾಯ್‌ಗೆ ಬಂದ ಆ ಗೇಮ್ ಇಲ್ಲದಿದ್ದರೆ ಈ ಜಾತಿಯ ಗೇಮ್‌ಗಳಿಗೆ ಇಷ್ಟು ಜನ ಸೇರುತ್ತಿರಲಿಲ್ಲ, ಒಪ್ಪಿದೆ. ಆದರೆ ಅದರ ಸೊಗಸು ಇರುವುದು ಪಕ್ಕದಲ್ಲಿ ಇನ್ನೊಬ್ಬ ಎರಡು ಯಂತ್ರ ಜೋಡಿಸುವ ಕೇಬಲ್ ಹಿಡಿದು ಕೂತಾಗ. ಒಬ್ಬನೇ ಆಡುವವನಿಗೆ ಅರ್ಧ ಗೇಮ್ ಮಾತ್ರ ಸಿಗುತ್ತದೆ. ಗೇಮ್ ಬಾಯ್ ಅಡ್ವಾನ್ಸ್‌ನ 'ಗೋಲ್ಡನ್ ಸನ್' (2001) ಇವತ್ತಿಗೂ ನೋಡಲು ಚಂದ. 'ಟ್ರೇಲ್ಸ್ ಇನ್ ದ ಸ್ಕೈ' ನಿಧಾನ, ಆದರೆ ಕಥೆ ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ಊರಿನ ಪ್ರತಿಯೊಬ್ಬನ ಮಾತೂ ಬದಲಾಗುತ್ತದೆ. ತಾಳ್ಮೆ ಇದ್ದವರಿಗೆ ಅದೊಂದು ಹಬ್ಬ. 'ಕ್ರೋನೊ ಟ್ರಿಗರ್' ಬಗ್ಗೆ ಎಲ್ಲರೂ ಹೇಳಿಯಾಗಿದೆ.

ಕೊಳ್ಳುವವರಿಗೆ ಎರಡು ಮಾತು. ಗಲ್ಫಿನಿಂದ ಬರುವ ಭಾವನಿಗೋ ಚಿಕ್ಕಪ್ಪನಿಗೋ ಹೇಳಿ ತರಿಸುವುದು ನಮ್ಮಲ್ಲಿ ವಾಡಿಕೆ. ಪಿಎಸ್‌ಪಿ, ವೀಟಾಗಳಲ್ಲಿ ಯಾವ ದೇಶದ ಗೇಮ್ ಆದರೂ ಓಡುತ್ತದೆ. ನಿಂಟೆಂಡೊದ 3ಡಿಎಸ್ ಹಾಗಲ್ಲ, ಅಮೆರಿಕದ ಯಂತ್ರಕ್ಕೆ ಯುರೋಪಿನ ಕಾರ್ಡ್ ಹಿಡಿಸುವುದಿಲ್ಲ. ಅದರ ಆನ್‌ಲೈನ್ ಅಂಗಡಿಯಲ್ಲಿ 2023ರ ಮಾರ್ಚ್‌ನಿಂದ ಹೊಸದಾಗಿ ಏನನ್ನೂ ಕೊಳ್ಳಲಾಗದು. ಹಳೇ ಪಿಎಸ್‌ಪಿ ತೆಗೆದುಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬೇಡಿ.

ಹಳೆಯದು ಬೇಡ ಎನ್ನುವವರಿಗೆ 2025ರ ಸೆಪ್ಟೆಂಬರ್‌ನಲ್ಲಿ ಟ್ಯಾಕ್ಟಿಕ್ಸ್‌ನ ಹೊಸ ಆವೃತ್ತಿ 'ದ ಐವಲೀಸ್ ಕ್ರಾನಿಕಲ್ಸ್' ಬಂದಿದೆ, ನಿಂಟೆಂಡೊ ಸ್ವಿಚ್‌ನಲ್ಲೂ ಸಿಗುತ್ತದೆ. ಪಿಎಸ್‌ಪಿಯಲ್ಲಿ ಸೇರಿಸಿದ್ದ ಡಾರ್ಕ್ ನೈಟ್ ಎಂಬ ಯೋಧವೃತ್ತಿ ಅದರಲ್ಲಿಲ್ಲ ಎಂಬುದು ನನ್ನ ಬೇಸರ, ಆದರೆ ಕಥೆ ಪೂರ್ತಿ ಉಂಟು. ಪಿಎಸ್‌ಪಿಯಲ್ಲೇ ಆಡುವವರಾದರೆ ರಿಯೋವಾನೆಸ್ ಕೋಟೆಗೆ ಹೋಗುವ ಮೊದಲು ಬೇರೆಯೇ ಒಂದು ಸೇವ್ ಇಟ್ಟುಕೊಳ್ಳಿ. ಕೋಟೆ ಬಾಗಿಲು ದಾಟಿದ ಮೇಲೆ ಹಿಂದಕ್ಕೆ ದಾರಿ ಇಲ್ಲ. ಒಳಗೆ ರಾಮ್ಜಾ ಒಬ್ಬನೇ ವೀಗ್ರಾಫ್‌ನನ್ನು ಎದುರಿಸಬೇಕು.